ಸುಯ್ ಅನ್ನುವ ಕಾರು

೨ನೇ ತಾರೀಖು, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ಕಾರಣ ಅತ್ತಿಗೆ. ಊಟಕ್ಕೆ ಕೂತಾಗ, ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಲಾರಿಯ ಗೇರ್‌ಬಾಕ್ಸ್ ಬಿಚ್ಚಿದ ಕಥೆ ಹೇಳುತ್ತಿದ್ದೆ. ಅರ್ಧದಲ್ಲೇ ತಡೆದು, "ನಿನ್ನ ಬಡಾಯಿ ಕೇಳಿ ಕೇಳಿ ಈ ಮನೆ ಗೋಡೆಗೂ ಬಾಯಿಪಾಠ ಆಗಿದೆ ಕಣಯ್ಯಾ. ಹೋಗು, ಎಲ್ಲಾದ್ರೂ ಬರ್ಕೊಂಡು ಕೂತ್ಕೋ. ಕಾಗದ ಆದ್ರೆ ತಡ್ಕೊಳ್ಳುತ್ತೆ" ಎಂದರು. ಬ್ಯಾಟರಿ ಅಂಗಡಿಯವನು ಪುಕ್ಕಟೆ ಕೊಟ್ಟ ಡೈರಿ ನನ್ನ ರಿಪೇರಿ ಶೆಡ್ಡಿನಲ್ಲಿ ಗ್ರೀಸ್ ಡಬ್ಬಿಯ ಕೆಳಗೆ ಬಿದ್ದಿತ್ತು. ಒರೆಸಿ ತಂದೆ.

ನಾನು ಓದಿದ್ದು ಹಳ್ಳಿ ಶಾಲೆ, ಏಳನೇ ಕ್ಲಾಸು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ನನ್ನ ಅಕ್ಷರ ಎಷ್ಟು ದುಂಡಗಿತ್ತೆಂದರೆ ಮೇಷ್ಟ್ರು ತಮ್ಮ ಪತ್ರಗಳನ್ನೆಲ್ಲ ನನ್ನಿಂದಲೇ ಬರೆಸುತ್ತಿದ್ದರು. ಬರೆಸುತ್ತಿದ್ದರು ಎಂದರೆ ಒಂದು ಸಲ ಲಕೋಟೆಯ ಮೇಲೆ ವಿಳಾಸ ಬರೆಸಿದ್ದರು. ಕಾಗದದ ಹತ್ತಿರವೂ ಬಡಾಯಿ ಬೇಡ.

ವಿಷಯಕ್ಕೆ ಬರುತ್ತೇನೆ. ಅಣ್ಣನ ಮಗಳು ಕಾರು ತಂದಿದ್ದಾಳೆ. ಅವಳಿಗೆ ಮನೆಯವರು ಇಟ್ಟ ಹೆಸರು ಬೇರೆ, ನಾನಿಟ್ಟದ್ದು ಮೆಣಸು. ನೋಡಲು ಗುಂಡುಕಾಳು, ಬಾಯಿಗೆ ಬಿದ್ದರೆ ಗೊತ್ತಾಗುತ್ತದೆ. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಅವರ ಕೈಕಾಲು ಆಡಿಸಿ ಮತ್ತೆ ನಡೆಸುವ ಕೆಲಸ ಕಲಿತಿದ್ದಾಳೆ. ಮೊದಲ ನೌಕರಿ ಸಿಕ್ಕಿದೆ. ಇಪ್ಪತ್ತಮೂರನೇ ತಾರೀಖು ಸೋಮವಾರ ಶುರು. ಒಂದೇ ಷರತ್ತು: ಸ್ವಂತ ಕಾರಿರಬೇಕು. ಊರಿನ ಒಂದೊಂದು ಮೂಲೆಯಲ್ಲಿರುವ ರೋಗಿಗಳ ಮನೆಗಳನ್ನು ದಿನವೆಲ್ಲ ಸುತ್ತಬೇಕು. ಕಾರಿಲ್ಲದಿದ್ದರೆ ಆ ಜಾಗಕ್ಕೆ ಬೇರೆಯವಳು ಕಾದು ಕೂತಿದ್ದಾಳಂತೆ. ಅದಕ್ಕೇ ಹಳೇ ಕಾರು ಹುಡುಕಿ ತಂದಳು. ಅಣ್ಣ ಲಾರಿಯ ಮೇಲೆ ದೂರ ಹೋಗಿದ್ದಾನೆ, ಬರುವುದು ಮುಂದಿನ ತಿಂಗಳು. ಆದ್ದರಿಂದ ಕಾರಿನ ಜವಾಬ್ದಾರಿ ನನ್ನದು.

ಎಂಜಿನ್ ಸ್ಟಾರ್ಟ್ ಮಾಡಿ ಬಿಟ್ಟರೆ ಚಳಿಜ್ವರ ಬಂದವರಂತೆ ನಡುಗುತ್ತದೆ. ಬ್ರೇಕು ಕೊಂಚ ಗಟ್ಟಿ. ನೋಡಿದ ಕೂಡಲೇ ಹೇಳಿದೆ, ಇದು ಗಾಳಿ ಲೀಕು. ಎಂಜಿನ್ ಎಂದರೆ ಗಾಳಿ ಎಳೆದುಕೊಳ್ಳುವ ಪ್ರಾಣಿ. ಅದಕ್ಕೆ ಹತ್ತಾರು ಸಣ್ಣ ರಬ್ಬರ್ ಪೈಪುಗಳು ಅಂಟಿಕೊಂಡಿರುತ್ತವೆ, ಆ ಎಳೆತದ ಜೋರಿನಲ್ಲೇ ಅವುಗಳ ಕೆಲಸ ನಡೆಯುವುದು. ಎಲ್ಲಾದರೂ ಒಂದು ಬಿರುಕು ಬಿಟ್ಟರೆ ಹೊರಗಿನ ಗಾಳಿ ಕಳ್ಳನ ಹಾಗೆ ಒಳಗೆ ನುಗ್ಗಿ ಎಂಜಿನ್ನಿನ ಲೆಕ್ಕ ತಪ್ಪಿಸುತ್ತದೆ. ಈ ಕಳ್ಳ ನುಗ್ಗುವಾಗ ಸುಯ್ ಅನ್ನುತ್ತಾನೆ. ಆ ಸುಯ್ ಹಿಡಿಯುವುದರಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಮೊಳದುದ್ದ ರಬ್ಬರ್ ಪೈಪಿನ ಒಂದು ತುದಿ ನನ್ನ ಬಲಗಿವಿಗೆ, ಇನ್ನೊಂದು ತುದಿ ಎಂಜಿನ್ನಿನ ಮೇಲೆ. ಡಾಕ್ಟರು ಎದೆ ನೋಡಿದ ಹಾಗೆ.

ಇಟ್ಟೆ. ಮೊದಲನೇ ಪೈಪಿನಲ್ಲೇ ಸುಯ್!

"ನಾಳೆ ಮಧ್ಯಾಹ್ನಕ್ಕೆ ಕಾರು ರೆಡಿ" ಎಂದೆ.

"ಚಿಕ್ಕಪ್ಪ, ಬೇಕಾದ್ರೆ ಆ ದೊಡ್ಡ ವರ್ಕ್‌ಶಾಪಿಗೆ ಬಿಡ್ತೀನಿ. ಅವರತ್ರ ಮಷಿನ್ ಇದೆಯಂತೆ" ಎಂದಳು ಮೆಣಸು.

"ಆ ಗಾಜಿನ ಗೋಡೆ ವರ್ಕ್‌ಶಾಪಿನವರ ಮಷಿನ್ ಹುಟ್ಟೋಕೆ ಮೊದಲು ನನ್ನ ಕಿವಿ ಹುಟ್ಟಿದೆ" ಎಂದೆ. ಅತ್ತಿಗೆ ಅಡುಗೆಮನೆಯಿಂದ ಏನೋ ಅಂದರು. ಈಚೆಗೆ ಅವರು ಬಾಯೊಳಗೇ ಗೊಣಗುತ್ತಾರೆ.

೩ನೇ ತಾರೀಖು, ಮಂಗಳವಾರ

ಪೈಪು ಬದಲಾಯಿಸಿದೆ. ಸುಯ್ ಪಕ್ಕದ ಪೈಪಿಗೆ ಹೋಗಿದೆ.

ಅದನ್ನೂ ಬದಲಾಯಿಸಿದೆ. ಅದರ ಆಚೆಯದರಲ್ಲಿ ಸುಯ್.

ಥತ್. ಹಿಂದಿನ ಮಾಲೀಕ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ರಬ್ಬರನ್ನೆಲ್ಲ ಹಪ್ಪಳ ಮಾಡಿದ್ದಾನೆ.

೫ನೇ ತಾರೀಖು, ಗುರುವಾರ

ಎಲ್ಲಾ ಪೈಪು ಹೊಸದು. ಕ್ಲಿಪ್ಪು ಹೊಸದು. ಎಂಜಿನ್ ನಡುಗುತ್ತಲೇ ಇದೆ. ಹೊಸ ಪೈಪುಗಳಲ್ಲೂ ಸುಯ್. ಈಗಿನ ಕಾಲದ ರಬ್ಬರು ಅಂಗಡಿಯಲ್ಲೇ ತೂತು ಬಿದ್ದು ಬರುತ್ತದೆ ಎಂದು ಕಾಣುತ್ತದೆ.

ಪಕ್ಕದ ಟೈರ್ ಅಂಗಡಿಯವನು ಕೈಯಲ್ಲಿ ಟೀ ಲೋಟ ಹಿಡಿದು ಬಂದು ಬಾನೆಟ್ಟಿನ ಮೇಲೆ ಬಗ್ಗಿದ. ನನ್ನ ವಯಸ್ಸಿನವನೇ, ನನಗಿಂತ ದಪ್ಪ, ನನಗಿಂತ ಸೋಮಾರಿ.

"ಏನ್ ಗುರು, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತಿದ್ಯಾ? ಇಷ್ಟು ಪೈಪು ಹಾಕಿದ್ಮೇಲೆ ಇದು ಕಾರಲ್ಲ, ಹುಕ್ಕಾ."

"ನಿನ್ ಟೈರಿಗೆ ಗಾಳಿ ತುಂಬೋದು ಬೇರೆ, ಎಂಜಿನ್ನಿನ ಗಾಳಿ ಹಿಡಿಯೋದು ಬೇರೆ. ಹೋಗಿ ಮೂಗು ಒರೆಸ್ಕೋ."

"ಎಲ್ಲಿ ಸುಯ್ ಅಂತಿದೆ? ನಂಗೇನೂ ಕೇಳ್ತಿಲ್ವಲ್ಲ."

"ನಿನಗೆ ನಿನ್ ಹೆಂಡತಿ ಕೂಗಿದ್ದೂ ಕೇಳಲ್ಲ."

ಲೋಟ ಕೆಳಗಿಟ್ಟು ನಕ್ಕ. ನಾನು ನಗಲಿಲ್ಲ. ಆಗ ಮೆಣಸು ಡ್ರೈವರ್ ಸೀಟಿನಿಂದ ಇಣುಕಿದಳು. "ಚಿಕ್ಕಪ್ಪ, ನಾನು ಬ್ರೇಕ್ ತುಳಿದಾಗ ಕಾಲಿನ ಹತ್ರ ಉಸ್ಸ್ ಅನ್ನುತ್ತೆ. ಕಾಲು ತೆಗೆದ್ರೆ ಕಮ್ಮಿಯಾಗುತ್ತೆ. ಬ್ರೇಕೂ ಗಟ್ಟಿಯಾಗ್ತಾ ಇದೆ."

ತಲೆ ಒಳಗೆ ಹಾಕಿ ಕೇಳಿದೆ. ಅವಳು ತುಳಿದಳು, ಬಿಟ್ಟಳು, ತುಳಿದಳು. ಎರಡಕ್ಕೂ ಒಂದೇ ಸುಯ್, ಎಂಜಿನ್ನಿನದು. "ಅದು ನಿನ್ ಚಪ್ಪಲಿ" ಎಂದೆ. "ಬ್ರೇಕು ಗಟ್ಟಿ ಇದ್ದಷ್ಟು ಒಳ್ಳೇದು. ನಾವು ಲಾರಿ ಬ್ರೇಕಿನ ಮೇಲೆ ಎದ್ದು ನಿಂತ್ಕೊಂಡು ಓಡಿಸಿದವರು."

ಅವಳು ಚಪ್ಪಲಿ ಬಿಚ್ಚಿ ನನ್ನ ಮುಂದೆ ಹಿಡಿದಳು. ಇಂಥ ಉದ್ಧಟತನವೆಲ್ಲ ತಾಯಿಯ ಕಡೆಯಿಂದ ಬಂದದ್ದು.

೭ನೇ ತಾರೀಖು, ಶನಿವಾರ

ಅವಮಾನ. ನನ್ನ ಶೆಡ್ಡಿಗೆ ಆಟದ ಸಾಮಾನು ಬಂದಿದೆ.

ಮೆಣಸು ಯಾವುದೋ ಅಂಗಡಿಯಿಂದ ಕೈಪಂಪು ತಂದಿದ್ದಾಳೆ. ಮಕ್ಕಳ ಪಿಸ್ತೂಲಿನ ಆಕಾರ. ಬೆರಳಿಡುವ ಕುದುರೆಯನ್ನು ಒತ್ತಿ ಬಿಟ್ಟು ಮಾಡಿದರೆ ಗಾಳಿ ತುಂಬುವುದಿಲ್ಲ, ಎಳೆದುಕೊಳ್ಳುತ್ತದೆ. ತಲೆಯ ಮೇಲೆ ಗಡಿಯಾರದಂಥ ಬಿಲ್ಲೆ, ಅದರೊಳಗೆ ಒಂದು ಮುಳ್ಳು. ಅನುಮಾನ ಬಂದ ಪೈಪಿನ ಒಂದು ಬಾಯಿಗೆ ಬೋಲ್ಟು ತುರುಕಿ ಮುಚ್ಚಬೇಕು, ಇನ್ನೊಂದು ಬಾಯಿಗೆ ಪಂಪು. ಒತ್ತಿದರೆ ಮುಳ್ಳು ಏರುತ್ತದೆ. ಏರಿದಲ್ಲೇ ನಿಂತರೆ ಪೈಪು ಗಟ್ಟಿ. ಕೆಳಗೆ ಇಳಿದರೆ ತೂತು.

"ಎಂಜಿನ್ ಸ್ಟಾರ್ಟೇ ಮಾಡ್ಬೇಕಾಗಿಲ್ಲ, ಕೇಳೋದೂ ಬೇಡ. ನೋಡಿದ್ರೆ ಸಾಕು" ಎಂದಳು.

"ಕೇಳೋದು ಬೇಡ್ವಾ? ಹಾಗಾದ್ರೆ ಕಿವಿ ಯಾಕಿದೆ, ಕನ್ನಡಕ ಸಿಕ್ಕಿಸೋಕಾ?"

"ನಿನ್ ವಿಷಯದಲ್ಲಿ ಅಷ್ಟೇ ಇರ್ಬಹುದು" ಎಂದಳು. ಅಥವಾ ಹಾಗೆ ಅಂದಳೆಂದು ಅತ್ತಿಗೆ ಆಮೇಲೆ ನಗುತ್ತಾ ಹೇಳಿದರು. ನನಗೆ ಸರಿಯಾಗಿ ಕೇಳಿಸಲಿಲ್ಲ. ಮೆಣಸೂ ಗೊಣಗಲು ಕಲಿತಿದ್ದಾಳೆ.

೮ನೇ ತಾರೀಖು, ಭಾನುವಾರ

ಪಂಪು ಸುಳ್ಳು ಹೇಳುತ್ತದೆ.

ಯಾವ ಪೈಪಿನಲ್ಲಿ ನನಗೆ ಸುಯ್ ಸ್ಪಷ್ಟವಾಗಿ ಕೇಳುತ್ತದೋ ಅದಕ್ಕೇ ಹಚ್ಚಿದಳು. ಒತ್ತಿದಳು. ಮುಳ್ಳು ಏರಿ ಮೊಳೆ ಹೊಡೆದ ಹಾಗೆ ನಿಂತಿತು. ಪಕ್ಕದ ಪೈಪು, ಹಾಗೇ. ಅದರಾಚೆಯದು, ಹಾಗೇ. ಎಲ್ಲಾ ಪೈಪೂ ಗಟ್ಟಿ ಎನ್ನುತ್ತದೆ ಈ ಬಿಲ್ಲೆ. ಎಲ್ಲಾ ಪೈಪೂ ಸುಯ್ ಎನ್ನುತ್ತದೆ ನನ್ನ ಕಿವಿ. ಮೂರು ಕಾಸಿನ ಮುಳ್ಳನ್ನು ನಂಬಬೇಕೋ ಒಂದು ಆಯುಷ್ಯದ ಕಿವಿಯನ್ನೋ?

ಪಂಪು ಕೆಟ್ಟಿದೆ ಎಂದು ಸಾಬೀತು ಮಾಡಲು ಅದರ ಬಾಯನ್ನು ನನ್ನ ನಾಲಿಗೆಗೆ ಹಚ್ಚಿಕೊಂಡು ಒತ್ತಿದೆ. ಮುಳ್ಳು ಏರಿತು. ನಾಲಿಗೆ ಬಿಡಲಿಲ್ಲ. ಗಾಳಿ ಒಳಬಿಡುವ ಗುಂಡಿ ಎಲ್ಲಿದೆ ಎಂದು ಕೇಳಬೇಕೆಂದರೆ ಮಾತು ಬರುತ್ತಿಲ್ಲ. ಮೆಣಸು ನೆಲದ ಮೇಲೆ ಕೂತು ನಕ್ಕಳು, ಆಮೇಲೆ ಗುಂಡಿ ಒತ್ತಿದಳು. ನಾಲಿಗೆಯ ತುದಿಯಲ್ಲಿ ಬಟಾಣಿಯಷ್ಟು ಊತ. ಸಂಜೆಯ ಟೀ ಕುಡಿಯಲಾಗಲಿಲ್ಲ.

ಹೊಸ ಗೋಡೆ ಗಡಿಯಾರವೂ ಕಳಪೆ. ಟಿಕ್ ಟಿಕ್ ಅನ್ನುವುದೇ ಇಲ್ಲ, ಸುಮ್ಮನೆ ಓಡುತ್ತದೆ.

೧೧ನೇ ತಾರೀಖು, ಬುಧವಾರ

ಗೆದ್ದೆ!

ಕಾರನ್ನು ಎತ್ತಿ ಕೆಳಗಿನಿಂದ ನೋಡೋಣವೆಂದು ಟೈರ್ ಅಂಗಡಿಯ ಜ್ಯಾಕಿಗೆ ತೆಗೆದುಕೊಂಡು ಹೋದೆ. ಅಲ್ಲಿ ಅವನ ಗಾಳಿ ಕಂಪ್ರೆಸರ್ ಧಡಧಡ ಎಂದು ಬಡಿದುಕೊಳ್ಳುತ್ತಿತ್ತು. ನಾನು ಎರಡು ಕ್ಲಿಪ್ಪು ಬಿಗಿ ಮಾಡಿ ಕಿವಿಗೆ ಪೈಪು ಇಟ್ಟೆ. ಸುಯ್ ಇಲ್ಲ! ಇನ್ನೊಂದು ಕಡೆ ಇಟ್ಟೆ. ಇಲ್ಲ! ಇಡೀ ಎಂಜಿನ್ನಿನಲ್ಲಿ ಎಲ್ಲೂ ಇಲ್ಲ. ತಿಂಗಳುಗಟ್ಟಲೆ ಅಳುತ್ತಿದ್ದ ಮಗು ಮಲಗಿದ ಹಾಗಾಯಿತು. ಎಂಜಿನ್ ಇನ್ನೂ ಕೊಂಚ ನಡುಗುತ್ತಿತ್ತು, ಆದರೆ ಹಳೇ ಕಾರಲ್ಲವೇ, ಅಷ್ಟು ಇರುತ್ತದೆ.

"ನೋಡಿದ್ಯೇನೋ?" ಎಂದು ಟೈರಿನವನಿಗೆ ಕೂಗಿದೆ.

"ಏನು?" ಎಂದು ಅವನೂ ಕೂಗಿದ.

"ಗಾಳಿ ಕಳ್ಳ ಸಿಕ್ಕಿಬಿದ್ದ!"

ಮನೆಗೆ ತಂದವನೇ ಮೆಣಸಿನ ಕೈಗೆ ಕೀಲಿ ಕೊಟ್ಟೆ. "ನಾಳೆ ಒಂದು ಸುತ್ತು ಹೊಡ್ಕೊಂಡು ಬಾ. ಗ್ಯಾರಂಟಿ ನಂದು."

"ಪಂಪು ಹಚ್ಚಿ ನೋಡಿದ್ಯಾ? ಬ್ರೇಕಿಗೆ ಹೋಗೋ ಪೈಪಿಗೆ?"

"ಕಿವಿ ಹಚ್ಚಿ ನೋಡಿದೀನಿ."

ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಕೀಲಿ ತೆಗೆದುಕೊಂಡಳು. ನಂಬಿಕೆ ಎಂದರೆ ಅದು.

೧೨ನೇ ತಾರೀಖು, ಗುರುವಾರ

ಇಳಿಜಾರಿನಲ್ಲಿ ಬ್ರೇಕು ಕಲ್ಲಾಯಿತಂತೆ. ಎರಡೂ ಕಾಲು ಹಾಕಿ ತುಳಿದಳಂತೆ. ಕೆಳಗೆ ರಸ್ತೆಯಲ್ಲಿ ಜನ ಇದ್ದರು. ಕಟ್ಟಡದ ಕೆಲಸಕ್ಕೆ ಸುರಿದಿದ್ದ ಮರಳ ರಾಶಿಗೆ ಕಾರು ನುಗ್ಗಿಸಿದಳು.

ಹಣೆಗೆ ಪೆಟ್ಟು, ಹೊಲಿಗೆ ಬೀಳಲಿಲ್ಲ. ಬೇರೆ ಯಾರಿಗೂ ಏನೂ ಆಗಲಿಲ್ಲ.

ಅತ್ತಿಗೆ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ತಟ್ಟೆ ಹಾಕಿದರು, ಬಡಿಸಿದರು, ಒಳಗೆ ಹೋದರು.

೧೩ನೇ ತಾರೀಖು, ಶುಕ್ರವಾರ

ಟೈರಿನವನು ಕಾರನ್ನು ಹಗ್ಗ ಕಟ್ಟಿ ಎಳೆದು ತಂದ. ತಮಾಷೆ ಮಾಡಲಿಲ್ಲ. ಅವನು ತಮಾಷೆ ಮಾಡಿದ್ದರೆ ನಾನೂ ತಿರುಗಿ ಒಂದೆರಡು ಮಾತು ಬಿಡಬಹುದಿತ್ತು.

ಸುಯ್ ಮತ್ತೆ ಬಂದಿದೆ.

೧೪ನೇ ತಾರೀಖು, ಶನಿವಾರ

ಬೆಳಿಗ್ಗೆ ಮೆಣಸು ಏಳುವ ಮೊದಲೇ ಶೆಡ್ಡಿಗೆ ಹೋದೆ. ಕೈಪಂಪು ಬೆಂಚಿನ ಮೇಲಿತ್ತು. ಸುಮ್ಮನೆ ಕೈಗೆತ್ತಿಕೊಂಡೆ, ಇನ್ನೇನೂ ಇಲ್ಲ.

ಬ್ರೇಕಿನ ಹಿಂದೆ ಬಾಣಲೆ ಬೋರಲು ಹಾಕಿದಂಥ ಒಂದು ಕಬ್ಬಿಣದ ಡಬ್ಬಿ ಇರುತ್ತದೆ, ಬೂಸ್ಟರ್. ಒಳಗೆ ಅಗಲವಾದ ರಬ್ಬರ್ ಹಾಳೆ. ಎಂಜಿನ್ನು ಇದರ ಗಾಳಿಯನ್ನು ಎಳೆದಿಟ್ಟಿದ್ದರೆ ನಾವು ಮೆಲ್ಲಗೆ ತುಳಿದರೂ ಬ್ರೇಕು ಜೋರಾಗಿ ಹಿಡಿಯುತ್ತದೆ. ಇಲ್ಲದಿದ್ದರೆ ಆನೆ ತುಳಿಯಬೇಕು. ಅದರ ಪೈಪು ಬಿಚ್ಚಿ ಪಂಪು ಸಿಕ್ಕಿಸಿದೆ. ಒತ್ತಿದೆ. ಮುಳ್ಳು ಏರಿತು. ಕೈ ತಡೆದೆ.

ಮುಳ್ಳು ಇಳಿಯತೊಡಗಿತು. ಅವಸರವಿಲ್ಲದೆ, ಮೆಟ್ಟಿಲಿಳಿಯುವ ಮುದುಕನ ಹಾಗೆ, ಕೆಳಗಿನವರೆಗೂ.

ಮತ್ತೆ ಒತ್ತಿದೆ. ಮತ್ತೆ ಇಳಿಯಿತು.

ಪೈಪಿನ ನಡುವೆ ಒಂದು ಕವಾಟ ಇರುತ್ತದೆ, ಗಾಳಿಯನ್ನು ಒಂದೇ ಕಡೆ ಬಿಡುವಂಥದ್ದು. ಅದನ್ನು ಬೇರೆ ಮಾಡಿ ಪಂಪು ಹಚ್ಚಿದೆ. ಮುಳ್ಳು ನಿಂತಿತು. ಪೈಪಿಗೆ ಹಚ್ಚಿದೆ. ನಿಂತಿತು. ಹಾಗಾದರೆ ಬೂಸ್ಟರಿನ ಹೊಟ್ಟೆಯಲ್ಲೇ ಹರಿದಿದೆ. ಕಾಲಿನ ಹತ್ತಿರ ಉಸ್ಸ್ ಅನ್ನುತ್ತದೆ ಎಂದಿದ್ದಳು. ಚಪ್ಪಲಿ ಬಿಚ್ಚಿ ತೋರಿಸಿದ್ದಳು.

ಹಿಂದೆ ತಿರುಗಿದರೆ ಮೆಣಸು ನಿಂತಿದ್ದಾಳೆ. ಹಣೆಗೆ ಪಟ್ಟಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಬೆಕ್ಕಿನ ಹಾಗೆ ಬಂದಿದ್ದಾಳೆ. "ಮೂರು ಸಲ ಕೂಗ್ದೆ" ಎಂದಳು.

ಅವಳು "ನಾನು ಹೇಳಿರ್ಲಿಲ್ವಾ" ಎನ್ನಬಹುದಿತ್ತು. ನಾನಾಗಿದ್ದರೆ ಅಂದೇ ಅನ್ನುತ್ತಿದ್ದೆ, ಊರೆಲ್ಲ ಕೇಳುವ ಹಾಗೆ. ಅವಳು ಬಿಲ್ಲೆ ನೋಡಿ, "ಇಳೀತಾ ಇದೆ ಅಲ್ವಾ?" ಎಂದಳು, ಅಷ್ಟೇ.

೧೭ನೇ ತಾರೀಖು, ಮಂಗಳವಾರ

ಗುಜರಿಗೆ ಹೋಗಿ ಬೂಸ್ಟರ್ ತಂದೆ. ಗುಜರಿಯವನು ಮೊದಲು ಒಂದನ್ನು ಎತ್ತಿ "ಬೆಣ್ಣೆ ಹಾಗಿದೆ, ತಗೊಳ್ಳಿ" ಎಂದ. ಜೇಬಿನಿಂದ ಪಂಪು ತೆಗೆದೆ. ಮುಳ್ಳು ಇಳಿಯಿತು. ಇನ್ನೊಂದು ಎತ್ತಿದ. ಅದೂ ಇಳಿಯಿತು. ಮತ್ತೊಂದರಲ್ಲಿ ಮುಳ್ಳು ನಿಂತಿತು. ಅವನು ಬೀಡಿ ಹಚ್ಚಿ ಸೇದಿ ಮುಗಿಸುವವರೆಗೆ ನೋಡಿದೆವು. ಅಲುಗಲಿಲ್ಲ.

"ಕೈಪಂಪು ಇಲ್ದೆ ಬೂಸ್ಟರ್ ತಗೊಳ್ಳೋನು, ಮುಖ ನೋಡದೆ ಹುಡುಗಿ ಒಪ್ಕೊಂಡೋನು, ಇಬ್ಬರೂ ಒಂದೇ" ಎಂದು ಅವನಿಗೆ ಬುದ್ಧಿ ಹೇಳಿದೆ. "ಯಾರು ಕಲಿಸಿದ್ರು ಸ್ವಾಮಿ?" ಎಂದು ಕೇಳಿದ. ಇದೆಲ್ಲ ಕಲಿಸಿ ಬರುವುದಲ್ಲ, ಅನುಭವ ಎಂದೆ.

ಸಂಜೆಗೆ ಕೂರಿಸಿ ಮುಗಿಸಿದೆ. ಎಂಜಿನ್ ನಡುಕ ನಿಂತಿತು. ಬ್ರೇಕು ತುಳಿದರೆ ಬೆಣ್ಣೆ. ನಾನೇ ಇಳಿಜಾರಿಗೆ ತೆಗೆದುಕೊಂಡು ಹೋಗಿ, ಇಳಿಸಿ, ಹತ್ತಿಸಿ, ಮತ್ತೆ ಇಳಿಸಿ ನೋಡಿದೆ. ಮರಳ ರಾಶಿಯ ಮೇಲೆ ಕಾರು ನುಗ್ಗಿದ ಗುರುತು ಇನ್ನೂ ಇತ್ತು. ಆ ಕಡೆ ನೋಡಲಿಲ್ಲ.

೧೮ನೇ ತಾರೀಖು, ಬುಧವಾರ

ಈ ಕಾರಿನ ಮನೆ ಹಾಳಾಗ. ಸುಯ್ ಹೋಗಿಲ್ಲ.

ಬಾನೆಟ್ಟು ತೆಗೆದು ಕಿವಿಗೆ ಪೈಪು ಇಟ್ಟರೆ ಅದೇ, ಅಲ್ಲೇ, ಹಾಗೇ. ಪ್ರತಿಯೊಂದು ಪೈಪಿಗೂ ಪಂಪು ಹಚ್ಚಿದೆ. ಮುಳ್ಳು ಎಲ್ಲೂ ಇಳಿಯಲಿಲ್ಲ.

"ಕೀಲಿ ಕೊಡು ಚಿಕ್ಕಪ್ಪ" ಎಂದಳು ಮೆಣಸು.

"ಲೀಕಿದೆ."

"ಎಲ್ಲಿ?"

"ಎಲ್ಲಾ ಕಡೆ."

"ಮುಳ್ಳು ಇಳೀತಾ?"

"ಇಲ್ಲ."

"ಬ್ರೇಕು?"

"ಚೆನ್ನಾಗಿದೆ."

"ಮತ್ತೆ?"

"ಮತ್ತೆ ಗಿತ್ತೆ ಇಲ್ಲ. ಒಂದ್ಸಲ ನನ್ ಮಾತು ಕೇಳಿ ಮರಳಿಗೆ ಹೋಗಿದೀಯ. ಸುಯ್ ನಿಲ್ಲೋವರೆಗೆ ಕೀಲಿ ನನ್ ಜೇಬಲ್ಲಿರುತ್ತೆ."

"ಸೋಮವಾರ ಕೆಲಸ ಇದೆ!"

"ಕೆಲಸ ಹೋದ್ರೆ ಇನ್ನೊಂದು. ತಲೆ ಹೋದ್ರೆ?"

ಕಾಲು ನೆಲಕ್ಕೆ ಬಡಿದು ಒಳಗೆ ಹೋದಳು. ನಾನು ಎಂಜಿನ್ ಆಫ್ ಮಾಡಿ ಬಾನೆಟ್ಟಿನ ಮುಂದೆ ನಿಂತೆ. ಆಫ್ ಆದ ಮೇಲೂ ಸುಯ್ ಅನ್ನುತ್ತಿದೆ. ಎಂಜಿನ್ನೇ ನಿಂತ ಮೇಲೆ ಗಾಳಿ ಎಳೆಯುವವರು ಯಾರು? ಇಂಥ ಕಾರನ್ನು ನಾನು ಕಂಡಿಲ್ಲ. ಬ್ಯಾಟರಿ ಬಿಚ್ಚಿಟ್ಟೆ. ಆದರೂ.

೧೯ನೇ ತಾರೀಖು, ಗುರುವಾರ

ಕಾರಿನ ಜೊತೆಗೆ ಈಗ ಮನೆಯೂ.

ಅಡುಗೆಮನೆಯಲ್ಲಿ ನೀರು ಕುಡಿಯಲು ನಿಂತಿದ್ದೆ. ಯಾರೂ ಇರಲಿಲ್ಲ. ಸುಯ್. ಗ್ಯಾಸ್ ಸಿಲಿಂಡರ್! ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲೆಲ್ಲ ತೆರೆದು, ಸೋಪಿನ ನೊರೆ ಕಲಸಿ ಸಿಲಿಂಡರಿನ ಕತ್ತಿನಿಂದ ಒಲೆಯವರೆಗೂ ಬಳಿದೆ. ಒಂದು ಗುಳ್ಳೆ ಏಳಲಿಲ್ಲ. ಹೊಸದಾಗಿ ಕಲಸಿ ಮತ್ತೆ ಬಳಿದೆ. ಅಷ್ಟರಲ್ಲಿ ಅತ್ತಿಗೆ ಬಂದರು. ನೆಲವೆಲ್ಲ ನೊರೆ, ಮಧ್ಯದಲ್ಲಿ ನಾನು ಅಂಗಾತ.

"ಇದೇನಯ್ಯಾ ಅವತಾರ?"

"ಗ್ಯಾಸ್ ಲೀಕಾಗ್ತಿದೆ ಅತ್ತಿಗೆ. ನಿಮಗೆ ಕೇಳ್ತಿಲ್ವಾ?"

ಅವರು ಸುಮ್ಮನೆ ನಿಂತು ಕೇಳಿದರು. ನಿಜವಾಗಿಯೂ ಕೇಳಿದರು, ತಲೆ ಓರೆ ಮಾಡಿ. ಆಮೇಲೆ ಬೈಯಲಿಲ್ಲ. ಬಟ್ಟೆ ತಂದು ಒರೆಸತೊಡಗಿದರು. ಈ ಹೆಂಗಸು ಬೈಯುವುದನ್ನು ಬಿಟ್ಟಾಗೆಲ್ಲ ನಾನು ಎಲ್ಲಿ ತಪ್ಪಿದೆ ಎಂದು ಹುಡುಕತೊಡಗುತ್ತೇನೆ.

"ಎಷ್ಟು ದಿನದಿಂದ ಕೇಳ್ತಿದೆ?" ಎಂದರು. ಹತ್ತಿರ ಬಂದು, ನನ್ನ ಎಡಗಡೆ ನಿಂತು.

"ಕಾರು ಬಂದಾಗಿಂದ" ಎಂದೆ. ಆಮೇಲೆ ಯೋಚಿಸಿದರೆ, ಅದಕ್ಕಿಂತ ಮೊದಲೂ ಎಲ್ಲೋ ಕೇಳಿದ ಹಾಗೆ. ಚಳಿಗಾಲದಲ್ಲಿ ಫ್ಯಾನಿನ ಸದ್ದು ಅಂದುಕೊಂಡಿದ್ದೆ. ಚಳಿಗಾಲದಲ್ಲಿ ಫ್ಯಾನು ಹಾಕುವುದಿಲ್ಲ.

೨೦ನೇ ತಾರೀಖು, ಶುಕ್ರವಾರ

ತಾಯಿ ಮಗಳು ಸೇರಿ ಸಂಚು ಮಾಡಿದ್ದಾರೆ.

ಮೆಣಸಿಗೆ ನೌಕರಿಯವರಿಂದ ಫೋನು ಬಂತು. ಸೋಮವಾರ ಕಾರಿನಲ್ಲಿ ಬರುತ್ತೀರೋ ಇಲ್ಲವೋ, ನಾಳೆ ಸಂಜೆಯೊಳಗೆ ಹೇಳಿ, ಇಲ್ಲದಿದ್ದರೆ ಇನ್ನೊಬ್ಬರನ್ನು ಕರೆಯುತ್ತೇವೆ ಎಂದರಂತೆ. ಫೋನು ಇಟ್ಟು ನೇರ ನನ್ನ ಹತ್ತಿರ ಬಂದಳು. ಕೈ ಹಿಡಿದು ಎಳೆದುಕೊಂಡು ಹೋಗಿ ಅಂಗಳದಲ್ಲಿ ನಿಲ್ಲಿಸಿದಳು.

"ಇಲ್ಲಿ ಕೇಳ್ತಿದ್ಯಾ?"

"ಕಾರು ಅಲ್ಲೇ ಇದ್ಯಲ್ಲ, ಕೇಳದೆ ಏನು?"

ಗೇಟಿನ ಹೊರಗೆ ನಿಲ್ಲಿಸಿದಳು. "ಇಲ್ಲಿ?" ಕೇಳುತ್ತಿದೆ ಎಂದೆ. ಬೀದಿಯ ಕೊನೆಗೆ, ಬೀಗ ಹಾಕಿದ ಮನೆಯ ಮುಂದೆ ನಿಲ್ಲಿಸಿದಳು. "ಇಲ್ಲಿ?"

ಕೈ ಕೊಡವಿ ಹಿಂದಕ್ಕೆ ಹೊರಟೆ. ಕತ್ತೆ ಮೇಯಿಸುವ ಹಾಗೆ ಬೀದಿಯಲ್ಲಿ ಎಳೆದಾಡಿದರೆ ಯಾರು ಉತ್ತರ ಕೊಡುತ್ತಾರೆ.

"ಪಂಥ ಕಟ್ತೀಯಾ?" ಎಂದಳು. "ನಾಳೆ ಬೆಳಿಗ್ಗೆ ಕಿವಿ ಡಾಕ್ಟರ್ ಹತ್ರ ಬಾ. ನಿನ್ ಕಿವಿ ಸರಿಯಿದೆ ಅಂದ್ರೆ ನಾನೇ ಫೋನ್ ಮಾಡಿ ಕೆಲಸ ಬೇಡ ಅಂತೀನಿ. ಕಾರು ಗುಜರಿಗೆ ಹಾಕು."

"ಹಾಗಲ್ಲ ಅಂದ್ರೆ?"

"ಕೀಲಿ ನಂಗೆ."

ಪಂಥ ಎಂದ ಮೇಲೆ ನಾನು ಹಿಂದೆ ಸರಿದವನಲ್ಲ. ಪಾಪ, ಅವಳ ನೌಕರಿ ಹೋಯಿತು. ಒಂದು ಕಡೆ ಬೇಸರವೇ. ಆದರೆ ತಲೆ ಗಟ್ಟಿ ಇದ್ದರೆ ನೌಕರಿ ನೂರು ಸಿಗುತ್ತವೆ.

೨೧ನೇ ತಾರೀಖು, ಶನಿವಾರ

ಬಸ್ಸಿನಲ್ಲಿ ಹೋದೆವು. ಕೀಲಿ ನನ್ನ ಜೇಬಿನಲ್ಲೇ ಇತ್ತು.

ಆಸ್ಪತ್ರೆಯ ಮಾಳಿಗೆಯಲ್ಲಿ ಒಂದು ಪೆಟ್ಟಿಗೆಯಂಥ ಕೋಣೆ. ಗೋಡೆಗೆಲ್ಲ ಸ್ಪಂಜು, ಬಾಗಿಲು ಮೊಣಕೈಯಷ್ಟು ದಪ್ಪ, ಸುತ್ತ ರಬ್ಬರ್ ಪಟ್ಟಿ. ಹೊರಗಿನ ಒಂದು ಸದ್ದೂ ಒಳಗೆ ಬರಬಾರದಂತೆ. ಪರೀಕ್ಷೆ ಮಾಡುವ ಹುಡುಗಿ ಗಾಜಿನ ಆಚೆ ಕೂರುತ್ತಾಳೆ. ನನ್ನ ತಲೆಗೆ ಹೆಡ್‌ಫೋನು ಸಿಕ್ಕಿಸಿ, ಕೈಗೊಂದು ಗುಂಡಿ ಕೊಟ್ಟಳು. "ಸದ್ದು ಕೇಳಿದಾಗ ಒತ್ತಿ ಸರ್. ಎಷ್ಟೇ ಸಣ್ಣದಿದ್ರೂ ಒತ್ತಿ. ನಿಂತ ಕೂಡ್ಲೇ ಬಿಡಿ" ಎಂದು ಬಾಗಿಲು ಹಾಕಿದಳು.

ಒತ್ತಿದೆ. ನಿಲ್ಲಲಿಲ್ಲ, ಅದಕ್ಕೆ ಬಿಡಲಿಲ್ಲ. ಗಾಜಿನಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ನಕ್ಕೆ, ಗೆದ್ದವನ ನಗು. ಗುಂಡಿ ಒತ್ತಿಕೊಂಡೇ ಇದ್ದೆ.

ಬಾಗಿಲು ತೆರೆದಳು. "ಸರ್, ನಾನಿನ್ನೂ ಶುರು ಮಾಡಿಲ್ಲ."

"ನಿಮ್ ಬಾಗಿಲು ಲೀಕಾಗ್ತಿದೆ" ಎಂದೆ. "ಸುಯ್ ಅಂತಿದೆ. ರಬ್ಬರ್ ಹಳೇದಾಗಿದೆ ನೋಡಿ. ನಂಗೆ ಬಿಡಿ, ಒಂದು ಗಂಟೆಯ ಕೆಲಸ."

ಅವಳು ನಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮೆಣಸನ್ನು ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿದಳು. ಬಾಗಿಲು ಹಾಕಿದಳು. ಗಾಜಿನ ಈಚೆ ನಾನು, ಆಚೆ ಮೆಣಸು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಚಿಕ್ಕವಳಿದ್ದಾಗ ಬಾವಿಯೊಳಗೆ ಕೂಗಿ, ಉತ್ತರ ಬರುತ್ತದೆಂದು ಹೀಗೇ ಕಾಯುತ್ತಿದ್ದಳು. ಬಹಳ ಹೊತ್ತು ಕೂತಿದ್ದಳು. ಆಮೇಲೆ ಹೊರಗೆ ಬಂದು ನನ್ನ ಎಡಕ್ಕೆ ನಿಂತಳು.

"ಏನು ಕೇಳ್ತು?" ಎಂದೆ.

"ಏನೂ ಇಲ್ಲ ಚಿಕ್ಕಪ್ಪ. ನನ್ನ ಉಸಿರು, ಅಷ್ಟೇ."

"ಸುಯ್?"

ಇಲ್ಲವೆಂದು ತಲೆಯಾಡಿಸಿದಳು.

"ಇನ್ನೊಂದ್ಸಲ ಕೂತು ನೋಡು."

ಮತ್ತೆ ಒಳಗೆ ಹೋಗಿ ಕೂತಳು. ಮತ್ತೆ ಬಂದು ಮತ್ತೆ ಇಲ್ಲವೆಂದು ತಲೆಯಾಡಿಸಿದಳು.

ಆಮೇಲೆ ನನ್ನ ಪರೀಕ್ಷೆ ನಡೆಯಿತು. ಸುಯ್ ಬಿಟ್ಟು ಬೇರೆ ಸದ್ದಿಗೆ ಒತ್ತಬೇಕಂತೆ. ಬೇರೆ ಸದ್ದು ಎಲ್ಲಿದೆ? ಹುಡುಗಿಯ ಭುಜ ಅಲುಗಿದಾಗೆಲ್ಲ ಒತ್ತಿ ನೋಡಿದೆ. ಎರಡು ಸಲ ನಡೆಯಿತು. ಆಮೇಲೆ ಅವಳು ಕುರ್ಚಿ ತಿರುಗಿಸಿಕೊಂಡಳು. ಚೂಟಿ ಹುಡುಗಿ.

ಡಾಕ್ಟರು ಒಂದು ಹಾಳೆ ತೋರಿಸಿದರು. ಎಡಗಡೆ ಮೇಲಿನಿಂದ ಹೊರಟ ಗೆರೆ ಬಲಕ್ಕೆ ಹೋಗುತ್ತಾ ಹೋಗುತ್ತಾ ಕೆಳಗಿಳಿದಿತ್ತು. ಬಲಗಿವಿಯ ಗೆರೆ ಇನ್ನೂ ಕೆಳಗೆ. ಲಾರಿ ಎಂಜಿನ್ನಿನ ಪಕ್ಕ ಅಷ್ಟು ವರ್ಷ ಕೂತದ್ದಕ್ಕೆ ಹೀಗಾಗುತ್ತದೆ, ಹೊರಗಿನ ಸದ್ದು ಕಡಿಮೆಯಾದಾಗ ಕಿವಿ ತಾನೇ ಸದ್ದು ಮಾಡಿಕೊಳ್ಳುತ್ತದೆ ಎಂದರು. ವಾಸಿಯಾಗುತ್ತದೆಯೇ ಎಂದು ಮೆಣಸು ಕೇಳಿದಳು. ಅವರು ಕಿವಿಗೆ ಹಾಕುವ ಯಂತ್ರದ ಮಾತಾಡಿದರು. ನಾನು ಹಾಳೆಯನ್ನೇ ನೋಡುತ್ತಿದ್ದೆ. ಗೆರೆ ಇಳಿದದ್ದು ಯಾರಿಗಾದರೂ ಕಾಣುತ್ತದೆ. ಅದಕ್ಕೆ ದೊಡ್ಡ ಓದು ಬೇಕಿಲ್ಲ.

ಮೆಟ್ಟಿಲ ಮೇಲೆ ನಿಂತು ಜೇಬಿನಿಂದ ಕೀಲಿ ತೆಗೆದು ಅವಳ ಕೈಗೆ ಹಾಕಿದೆ.

"ಪಂಥ ಸೋತೆ ಅಂತ ಕೊಡ್ತಿಲ್ಲ" ಎಂದೆ. "ಕಾರು ಸರಿಯಿದೆ ಅಂತ ಕೊಡ್ತಿದೀನಿ. ಮುಳ್ಳು ಇಳಿದಿಲ್ಲ."

"ಗೊತ್ತು" ಎಂದಳು. ಕಣ್ಣೊರೆಸಿಕೊಂಡಳು. ಯಾಕೋ. ನೌಕರಿ ಉಳಿದ ಖುಷಿಗಿರಬೇಕು. ಅಲ್ಲೇ ನಿಂತು ಅವರಿಗೆ ಫೋನು ಮಾಡಿ ಸೋಮವಾರ ಬರುತ್ತೇನೆ ಎಂದಳು.

೨೩ನೇ ತಾರೀಖು, ಸೋಮವಾರ

ಬೆಳಿಗ್ಗೆ ಎದ್ದು ಇನ್ನೊಂದು ಸಲ ಬೂಸ್ಟರಿಗೆ ಪಂಪು ಹಚ್ಚಿದೆ. ಮೆಣಸು ತಲೆ ಬಾಚಿ, ಚೀಲ ತುಂಬಿಕೊಂಡು ಬರುವವರೆಗೆ ಬಿಲ್ಲೆ ಹಿಡಿದೇ ನಿಂತಿದ್ದೆ. ಮುಳ್ಳು ಮಿಸುಕಲಿಲ್ಲ. ಪೈಪು ಸಿಕ್ಕಿಸಿ, ಕ್ಲಿಪ್ಪು ಬಿಗಿದು, ಬಾನೆಟ್ಟು ಹಾಕಿದೆ.

ಟೈರಿನವನು ಗಾಳಿ ನೋಡಿಕೊಟ್ಟ. "ಏನ್ ಗುರು, ಸುಯ್ ಸಿಕ್ತಾ?" ಎಂದು ನನ್ನ ಎಡಗಿವಿಯ ಹತ್ತಿರ ಬಂದು ಕೂಗಿದ. ಯಾರು ಹೇಳಿದರೋ ಇವನಿಗೆ, ಎಡಗಿವಿ ಎಂದು.

"ಸಿಕ್ತು. ಕಾರಲ್ಲಿಲ್ಲ."

"ಮತ್ತೆಲ್ಲಿದೆ?"

"ನಿನ್ ಅಂಗಡಿ ಟೈರಲ್ಲಿ. ಹೋಗಿ ನೋಡ್ಕೋ."

ಅತ್ತಿಗೆ ಬಾಗಿಲಲ್ಲಿ ನಿಂತು ಬೈಯುತ್ತಿದ್ದರು: ಮೆಣಸಿಗೆ ನಿಧಾನ ಹೋಗು ಎಂದು, ನನಗೆ ಗ್ರೀಸ್ ಕೈಯಲ್ಲಿ ಗೇಟು ಮುಟ್ಟಬೇಡ ಎಂದು. ತುಟಿ ನೋಡಿದರೆ ಗೊತ್ತಾಗುತ್ತದೆ. ಮನಸ್ಸಿಗೆ ಹಾಯೆನಿಸಿತು. ಮೆಣಸು ಗಾಜು ಇಳಿಸಿ ಏನೋ ಹೇಳಿದಳು, ನಾನು ಬಗ್ಗಿ ಎಡಗಡೆಯಿಂದ ಕೇಳಿಸಿಕೊಂಡೆ. ಸಂಜೆ ಕಿವಿ ಯಂತ್ರದವರ ಹತ್ತಿರ ಹೋಗೋಣ, ತಯಾರಾಗಿರು ಎಂದಳು. ನೋಡೋಣ ಎಂದೆ. ಅದನ್ನು ಕಿವಿಗೆ ಸರಿಯಾಗಿ ಕೂರಿಸುವುದು ಆ ಹುಡುಗರಿಗೆ ಗೊತ್ತಿರುತ್ತದೋ ಇಲ್ಲವೋ, ನಾನೇ ಒಂದು ಸಲ ಹೋಗಿ ನಿಂತು ನೋಡಿದರೆ ಒಳ್ಳೆಯದು.

ಕಾರು ಹೊರಟಿತು. ನಾನು ಗೇಟಿನವರೆಗೆ ಹೋದೆ. ಟೈರ್ ಅಂಗಡಿ ದಾಟಿತು, ಬೀಗ ಹಾಕಿದ ಮನೆ ದಾಟಿತು. ತಿರುವಿನಲ್ಲಿ ಒಂದು ನಾಯಿ ಅಡ್ಡ ಬಂತು. ಹಿಂದಿನ ಕೆಂಪು ದೀಪ ಹತ್ತಿತು, ಕಾರು ಮೆತ್ತಗೆ ನಿಂತಿತು. ನಾಯಿ ತನ್ನ ಪಾಡಿಗೆ ದಾಟಿ ಹೋಯಿತು. ದೀಪ ಆರಿತು. ಆಮೇಲೆ ಕಾರು ಕಾಣಲಿಲ್ಲ.

ಅಂಗಳದಲ್ಲಿ ಒಂದು ಎಣ್ಣೆಯ ಕಲೆ ಉಳಿದಿತ್ತು. ಸುಯ್ ಕೂಡ ಅಲ್ಲೇ ಉಳಿದಿತ್ತು, ನನ್ನ ಜೊತೆ.